ಒಹಾಯೊದ ಕೌಂಟಿ ಕೋರ್ಟಿನಿಂದ ಮದುವೆ ಸರ್ಟಿಫಿಕೇಟ್ ತರಿಸುವುದು ಹೇಗೆ? ಪೆರ್ಲದಲ್ಲಿ ಕೂತು ಆಗ್ತದಾ?

ಪೆರ್ಲದವ:

ಎಲ್ಲರಿಗೂ ನಮಸ್ಕಾರ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಬರೀತಾ ಇದ್ದೇನೆ. ವಿಷಯ ಸ್ವಲ್ಪ ಉದ್ದ ಉಂಟು, ಬೇಜಾರು ಮಾಡ್ಬೇಡಿ.

ನನ್ನ ಅಕ್ಕ ಭಾವ ಅಮೆರಿಕದಲ್ಲಿ ಇದ್ದದ್ದು, ಒಹಾಯೊ ರಾಜ್ಯ, ಕೊಲಂಬಸ್ ಹತ್ರ ಡಬ್ಲಿನ್ ಅಂತ ಊರು. 2021ರಲ್ಲಿ ಕೊರೊನಾ ಗಲಾಟೆ, ಅವರಿಗೆ ಬರ್ಲಿಕ್ಕಿಲ್ಲ ನಮಗೆ ಹೋಗ್ಲಿಕ್ಕಿಲ್ಲ, ಹಾಗಾಗಿ ಅಲ್ಲೇ ಕೋರ್ಟಿಂದ ಲೈಸೆನ್ಸ್ ತೆಗೆದು ಪೊವೆಲ್ ಅಂತ ಪಕ್ಕದ ಊರಿನ ದೇವಸ್ಥಾನದಲ್ಲಿ ಭಟ್ರು ಮದುವೆ ಮಾಡಿಸಿದ್ರು, ನಾವೆಲ್ಲ ಇಲ್ಲಿ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಅಕ್ಷತೆ ಹಾಕಿದ್ದು. ಮರುವರ್ಷ ಊರಿಗೆ ಬಂದಾಗ ಅಪ್ಪನ ಸಮಾಧಾನಕ್ಕೆ ಇಲ್ಲಿ ಇನ್ನೊಂದು ಸಲ ಧಾರೆ ಎರೆದು ಊರವರಿಗೆ ಊಟ ಹಾಕಿ ಆಯ್ತು.

ಈಗ ಅವರು ಅಲ್ಲಿಂದ ಕಟ್ಟಿಕೊಂಡು ಊರಿಗೇ ಬಂದಿದ್ದಾರೆ. ಮಗು ಅಲ್ಲಿ ಹುಟ್ಟಿದ್ದು, ಅಮೆರಿಕದ ಪಾಸ್‌ಪೋರ್ಟ್, ಅದಕ್ಕೆ ಒಸಿಐ (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸ್ಬೇಕು, ಅದಕ್ಕೆ ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟ್ ಬೇಕು. ಅಕ್ಕನ ಹತ್ರ ಇರುವುದು ಚಿನ್ನದ ಬಣ್ಣದ ಬಾರ್ಡರಿನ ದಪ್ಪ ಕಾಗದ, ದೇವಸ್ಥಾನದ ಹೆಸರು, ಭಟ್ರ ಸಹಿ, ಇಷ್ಟೇ. ಕೋರ್ಟಿನ ಸೀಲ್ ಎಂತದ್ದೂ ಇಲ್ಲ. ಪೊವೆಲ್ ಇರುವುದು ಡೆಲಾವೇರ್ ಕೌಂಟಿಯಲ್ಲಂತೆ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಹಾಗೆ), ಅಕ್ಕ ಅಲ್ಲಿನ ಕೋರ್ಟಿಗೆ ಬರೆದು ಕೇಳಿದ್ಳು, ಆ ಹೆಸರಿನ ರೆಕಾರ್ಡ್ ನಮ್ಮಲ್ಲಿಲ್ಲ ಅಂತ ಉತ್ತರ ಬಂತು. ಮನೆಯಲ್ಲಿ ಎಲ್ಲರಿಗೂ ಹೆದರಿಕೆ, ಮದುವೆ ರಿಜಿಸ್ಟರೇ ಆಗ್ಲಿಲ್ವಾ ಅಂತ ಅಮ್ಮ ದಿನಾ ಕೇಳ್ತಾರೆ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಯಾರನ್ನು ಕೇಳ್ಬೇಕು, ಇಲ್ಲಿಂದಲೇ ಆಗ್ತದಾ, ಅಪೋಸ್ಟಿಲ್ ಅಂತ ಒಂದು ಹೇಳ್ತಾರಲ್ಲ, ಕಾಗದದ ಸಹಿ ಸೀಲು ಅಸಲಿ ಅಂತ ಬೇರೆ ದೇಶಕ್ಕೆ ತೋರಿಸುವ ದೃಢೀಕರಣ, ಅದು ಡೆಲ್ಲಿಯಲ್ಲಿ ಮಾಡಿಸುವುದಾ?

ಬದಿಯಡ್ಕ ಬಸ್‌ಸ್ಟ್ಯಾಂಡ್:

ಅಮೆರಿಕದ ಉಸಾಬರಿ ಎಂತಕ್ಕೆ ಮಾರಾಯ್ರೆ. ಧಾರೆ ಊರಲ್ಲೂ ಆಗಿದೆ ಅಲ್ವಾ, ಫೋಟೋ ಉಂಟಲ್ವಾ, ಕಾಗದ ಹಿಡ್ಕೊಂಡು ಪಂಚಾಯ್ತಿಗೆ ಹೋಗಿ. ಈಗ ಕೇರಳ ಪಂಚಾಯ್ತಿಗಳ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್ ಬಂದ ಮೇಲೆ ಮೊಬೈಲಲ್ಲೇ ಅರ್ಜಿ, ವಿಡಿಯೋ ಕಾಲಲ್ಲೇ ಮುಖ ತೋರಿಸಿದ್ರೆ ಆಯ್ತು. ನಮ್ಮ ತಮ್ಮನದ್ದು ಹಾಗೇ ಆದದ್ದು.

ನೀರ್ಚಾಲು ಟು ಒಹಾಯೊ:

ಪೆರ್ಲದವರೇ, ಹೆದರ್ಬೇಡಿ, ರೆಕಾರ್ಡ್ ಎಲ್ಲಿಗೂ ಹೋಗಿರ್ಲಿಕ್ಕಿಲ್ಲ. ಕೇಳಿದ ಕೋರ್ಟ್ ಬೇರೆ, ಅಷ್ಟೇ. ನಾನು ಕೊಲಂಬಸಲ್ಲೇ ಇರುವುದು, ಇಲ್ಲಿಯ ಕ್ರಮ ಹೇಳ್ತೇನೆ.

ಒಹಾಯೊದಲ್ಲಿ ಮದುವೆ ಲೈಸೆನ್ಸ್ ಕೊಡುವುದು ಪ್ರತಿ ಕೌಂಟಿಯ ಪ್ರೊಬೇಟ್ ಕೋರ್ಟ್, ಅಂದ್ರೆ ಉಯಿಲು, ಆಸ್ತಿ ಹಕ್ಕು, ಮದುವೆ ಲೈಸೆನ್ಸ್ ಇಂಥದ್ದನ್ನು ನೋಡುವ ಕೋರ್ಟ್. ಹುಡುಗ ಅಥವಾ ಹುಡುಗಿ ಯಾವ ಕೌಂಟಿಯಲ್ಲಿ ವಾಸ ಇದ್ದಾರೋ ಆ ಕೌಂಟಿಯಲ್ಲಿ ತೆಗೀಬೇಕು. ತೆಗೆದ ಮೇಲೆ 60 ದಿವಸ ಚಾಲ್ತಿ, ಅಷ್ಟರೊಳಗೆ ರಾಜ್ಯದಲ್ಲಿ ಎಲ್ಲಿ ಬೇಕಾದ್ರೂ ಮದುವೆ ಆಗಬಹುದು. ಮದುವೆ ಮಾಡಿಸಿದವರು ಕಾಗದ ತುಂಬಿಸಿ ಸಹಿ ಹಾಕಿ 30 ದಿವಸದೊಳಗೆ ಲೈಸೆನ್ಸ್ ಕೊಟ್ಟ ಕೋರ್ಟಿಗೇ ವಾಪಸ್ ಕಳಿಸ್ಬೇಕು, ಮದುವೆ ಆದ ಊರಿನ ಕೋರ್ಟಿಗಲ್ಲ. ನೀವು ಪೊವೆಲ್ ಲೆಕ್ಕದಲ್ಲಿ ಡೆಲಾವೇರ್ ಕೌಂಟಿಯಲ್ಲಿ ಹುಡುಕುವುದು ಅಂದ್ರೆ ಪೈವಳಿಕೆಯ ಫೈಲನ್ನು ಎಣ್ಮಕಜೆಯಲ್ಲಿ ಹುಡುಕಿದ ಹಾಗೆ.

ಡಬ್ಲಿನ್‌ದ್ದು ಇನ್ನೊಂದು ತಮಾಷೆ ಉಂಟು. ಆ ಊರು ಮೂರು ಕೌಂಟಿಯಲ್ಲಿ ಹರಡಿಕೊಂಡಿದೆ, ಫ್ರ್ಯಾಂಕ್ಲಿನ್, ಡೆಲಾವೇರ್, ಯೂನಿಯನ್. ವಿಳಾಸದಲ್ಲಿ ಮಾತ್ರ ಎಲ್ಲ ಕಡೆ ಡಬ್ಲಿನ್ ಅಂತಲೇ ಇರ್ತದೆ. ಹೆಚ್ಚಿನ ಭಾಗ ಫ್ರ್ಯಾಂಕ್ಲಿನ್‌ಗೆ ಬರುವುದು. ಅಕ್ಕನ ಹತ್ರ ಒಂದೇ ಪ್ರಶ್ನೆ ಕೇಳಿ, ಲೈಸೆನ್ಸಿಗೆ ಹೋದದ್ದು ಕೊಲಂಬಸ್ ಪೇಟೆಯೊಳಗೆ ಹೈ ಸ್ಟ್ರೀಟ್‌ನ ದೊಡ್ಡ ಕಟ್ಟಡಕ್ಕಾ ಅಂತ. ಹೌದಾದ್ರೆ ಫ್ರ್ಯಾಂಕ್ಲಿನ್ ಕೌಂಟಿ ಪ್ರೊಬೇಟ್ ಕೋರ್ಟ್.

ಆ ಚಿನ್ನದ ಬಾರ್ಡರ್ ಕಾಗದ ದೇವಸ್ಥಾನದವರು ನೆನಪಿಗೆ ಕೊಡುವುದು, ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಲೈಸೆನ್ಸ್ ಪ್ರತಿಯೂ ಸಾಲದು, ಅದು ಮದುವೆ ಆಗ್ಲಿಕ್ಕೆ ಅನುಮತಿ ಮಾತ್ರ. ಬೇಕಾದದ್ದು ಕೋರ್ಟಿನ ಸೀಲು ಸಹಿ ಇರುವ ಸರ್ಟಿಫೈಡ್ ಕಾಪಿ. ರಾಜ್ಯದ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಬರೀಬೇಡಿ, ಒಹಾಯೊದಲ್ಲಿ ಅವರು ಮದುವೆಯ ಕಾಪಿ ಕೊಡುವುದಿಲ್ಲ, ಕೌಂಟಿಗೆ ಹೋಗಿ ಅಂತಾರೆ.

ಒಂದು ಅನುಮಾನ ಮಾತ್ರ ಪರಿಹರಿಸ್ಕೊಳ್ಳಿ. ಇಲ್ಲಿ ಮದುವೆ ಮಾಡಿಸುವ ಭಟ್ರಿಗೂ ಪಾದ್ರಿಗೂ ಒಹಾಯೊ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯ ಸರ್ಕಾರದ ಒಬ್ಬ ಅಧಿಕಾರಿ) ಕಚೇರಿಯ ಲೈಸೆನ್ಸ್ ಬೇಕು. ದೊಡ್ಡ ದೇವಸ್ಥಾನಗಳಲ್ಲಿ ಅದೆಲ್ಲ ಸರಿ ಇರ್ತದೆ. ಆದ್ರೆ ಕಾಗದ ವಾಪಸ್ ಕಳಿಸ್ಲಿಕ್ಕೆ ಮರೆತು ಹೋಗುವುದು ಉಂಟು, ಆಗ ಕೋರ್ಟಿನಲ್ಲಿ ಲೈಸೆನ್ಸ್ ಕೊಟ್ಟದ್ದು ಕಾಣ್ತದೆ, ಮದುವೆ ಆದದ್ದು ಕಾಣುವುದಿಲ್ಲ. ಹಾಗೇನಾದ್ರೂ ಇದ್ರೆ ದೇವಸ್ಥಾನಕ್ಕೇ ಫೋನ್ ಮಾಡ್ಬೇಕು.

ಪೆರ್ಲದವ:

ತುಂಬಾ ಉಪಕಾರ ಅಣ್ಣ. ಅಕ್ಕ ಹೇಳಿದ್ಳು ಹೈ ಸ್ಟ್ರೀಟೇ ಅಂತ, ಲಿಫ್ಟಲ್ಲಿ ತುಂಬಾ ಮೇಲೆ ಹೋದ ನೆನಪಂತೆ. ಫ್ರ್ಯಾಂಕ್ಲಿನ್ ಕೋರ್ಟಿನ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಿದ್ದಕ್ಕೆ ಇಬ್ಬರ ಹೆಸರೂ ಬಂತು!! ಅಮ್ಮನಿಗೆ ಅದನ್ನೇ ತೋರಿಸಿದೆ. ಅದನ್ನು ಪ್ರಿಂಟ್ ತೆಗೆದ್ರೆ ಸಾಕಾ? ಮತ್ತೆ ಬದಿಯಡ್ಕದವರು ಹೇಳಿದ ಪಂಚಾಯ್ತಿ ದಾರಿ ಸುಲಭ ಕಾಣ್ತದೆ, ಅಪ್ಪನಿಗೂ ಅದೇ ಸರಿ ಅಂತ ಉಂಟು.

ಗಡಿನಾಡ ಗುಮಾಸ್ತ:

ಪಂಚಾಯ್ತಿ ದಾರಿಗೆ ಹೋಗ್ಬೇಡಿ ತಮ್ಮಾ. ನಾನು ಇದೇ ಕೆಲಸದಲ್ಲಿ ಇದ್ದು ಬಂದವ.

2006ರಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟು ಎಲ್ಲ ಮದುವೆಯೂ ರಿಜಿಸ್ಟರ್ ಆಗ್ಬೇಕು ಅಂದ ಮೇಲೆ ಕೇರಳದಲ್ಲಿ 2008ರ ಕಾಮನ್ ರೂಲ್ಸ್ ಬಂತು, ಜಾತಿ ಧರ್ಮ ನೋಡದೆ ಎಲ್ಲರಿಗೂ. ಆದ್ರೆ ಅದು ಕೇರಳದೊಳಗೆ ನಡೆದ ಮದುವೆಗೆ, ಮದುವೆ ನಡೆದ ಜಾಗದ ಪಂಚಾಯ್ತಿ ಅಥವಾ ಮುನ್ಸಿಪಾಲಿಟಿಯಲ್ಲಿ. 45 ದಿವಸದೊಳಗೆ ಕೊಡ್ಬೇಕು, ತಡ ಆದ್ರೆ ದಂಡ ಕಟ್ಟಿ ಮಾಡಿಸ್ಲಿಕ್ಕೂ ದಾರಿ ಉಂಟು, ಅದು ಸರಿ. ಆದ್ರೆ ನಿಮ್ಮ ಅಕ್ಕನ ಮದುವೆ ಕಾನೂನು ಪ್ರಕಾರ 2021ರಲ್ಲಿ ಒಹಾಯೊದಲ್ಲಿ ಆಗಿ ಮುಗಿದಿದೆ. ಇಲ್ಲಿ ಎರೆದದ್ದು ಅಪ್ಪನ ಸಮಾಧಾನದ ಧಾರೆ, ಅದನ್ನು ಹೊಸ ಮದುವೆ ಅಂತ ಫಾರ್ಮಲ್ಲಿ ತುಂಬಿಸುವುದು ಹೇಗೆ? ಮೆಮೊರಾಂಡಮ್‌ನಲ್ಲಿ, ಅಂದ್ರೆ ರಿಜಿಸ್ಟರ್ ಮಾಡಿಸುವ ಫಾರ್ಮಲ್ಲಿ, ಮದುವೆಗೆ ಮುಂಚೆ ವಿವಾಹಿತರಾ ಅವಿವಾಹಿತರಾ ಅಂತ ಕೇಳ್ತಾರೆ, ಅಲ್ಲಿ ಎಂತ ಬರೀತೀರಿ? ಅವಿವಾಹಿತ ಅಂತ ಬರೆದ್ರೆ ಸುಳ್ಳು, ವಿವಾಹಿತ ಅಂತ ಬರೆದ್ರೆ ಪಂಚಾಯ್ತಿ ಸೆಕ್ರೆಟರಿ ಫೈಲ್ ಮುಂದೆ ಹೋಗ್ಲಿಕ್ಕೆ ಬಿಡುವುದಿಲ್ಲ.

ಹಾಗೂ ಹೀಗೂ ಸಿಕ್ಕಿತು ಅಂತಲೇ ಇಟ್ಕೊಳ್ಳಿ, ಮುಂದೆ ಎರಡು ದಾಖಲೆ, ಎರಡು ತಾರೀಕು. ಅಲ್ಲಿ ವೀಸಾ ಮಾಡಿಸುವಾಗ, ಟ್ಯಾಕ್ಸ್ ಕಟ್ಟುವಾಗ ಎಲ್ಲ 2021 ಅಂತ ಕೊಟ್ಟಿರ್ತಾರೆ, ಇಲ್ಲಿ 2022. ಯಾವುದೋ ಒಬ್ಬ ಆಫೀಸರ್ ಒಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾನೆ. ಬೇಡ.

ಇನ್ನೊಂದು, ಇದು ನಿಮಗಲ್ಲ, ಓದುವವರಿಗೆ. ನಮ್ಮ ಕಡೆಯವರು ಮಂಗಳೂರಲ್ಲಿ ಹಾಲ್ ಮಾಡಿ ಮದುವೆ ಮಾಡ್ತಾರೆ, ಆಮೇಲೆ ಕುಂಬ್ಳೆಯಲ್ಲೋ ಮಂಜೇಶ್ವರದಲ್ಲೋ ಪಂಚಾಯ್ತಿಗೆ ಬಂದು ಸರ್ಟಿಫಿಕೇಟ್ ಕೊಡಿ ಅಂತಾರೆ. ಗಡಿ ದಾಟಿ ಆದ ಮದುವೆಗೆ ಇಲ್ಲಿ ಕೊಡ್ಲಿಕ್ಕೆ ಬರುವುದಿಲ್ಲ, ಅಲ್ಲಿಯ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು.

ಬದಿಯಡ್ಕ ಬಸ್‌ಸ್ಟ್ಯಾಂಡ್:

ಓ ಅದು ಹಾಗಾ. ನಮ್ಮ ತಮ್ಮನದ್ದು ಇಲ್ಲೇ ಆದ ಮದುವೆ, ಹಾಗಾಗಿ ಸಲೀಸಾಗಿ ಆದದ್ದು ಕಾಣ್ತದೆ.

ನೀರ್ಚಾಲು ಟು ಒಹಾಯೊ:

ಗುಮಾಸ್ತರು ಹೇಳಿದ್ದು ನೂರಕ್ಕೆ ನೂರು ಸರಿ.

ವೆಬ್‌ಸೈಟಿನ ಪ್ರಿಂಟ್ ಯಾರೂ ತಗೊಳ್ಳುವುದಿಲ್ಲ, ಆದ್ರೆ ಅದರಲ್ಲಿ ಕೇಸ್ ನಂಬರ್ ಇದ್ರೆ ಬರೆದಿಟ್ಕೊಳ್ಳಿ, ಅರ್ಜಿಯಲ್ಲಿ ಹಾಕಿದ್ರೆ ಬೇಗ ಸಿಗ್ತದೆ. ಒಹಾಯೊದಲ್ಲಿ ಮದುವೆ ರೆಕಾರ್ಡ್ ಸಾರ್ವಜನಿಕ, ಗಂಡ ಹೆಂಡತಿಯೇ ಹೋಗ್ಬೇಕು ಅಂತಿಲ್ಲ, ಇಬ್ಬರ ಹೆಸರು, ಮದುವೆ ತಾರೀಕು ಹೇಳಿ ಫೀ ಕಟ್ಟಿದ ಯಾರಿಗೂ ಸರ್ಟಿಫೈಡ್ ಕಾಪಿ ಕೊಡ್ತಾರೆ. ಹಾಗಾಗಿ ಭಾವನ ಹಳೇ ಫ್ರೆಂಡ್ ಯಾರಾದ್ರೂ ಇಲ್ಲಿದ್ರೆ ಅವರನ್ನೇ ಕೌಂಟರಿಗೆ ಕಳಿಸಿ. ಅಂಚೆಯಲ್ಲೂ ತರಿಸಬಹುದು, ಆದ್ರೆ ಇಲ್ಲಿಯ ಆಫೀಸುಗಳಿಗೆ ಮನಿ ಆರ್ಡರ್ ಬೇಕು, ವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ಲಕೋಟೆ ಬೇಕು, ಪೆರ್ಲ ಪೋಸ್ಟಾಫೀಸಿನ ಸ್ಟ್ಯಾಂಪ್ ಹಚ್ಚಿದ್ರೆ ಅಮೆರಿಕದ ಅಂಚೆಯವ ಎಂತ ಮಾಡ್ಬೇಕು ಹೇಳಿ.

ಗೂಗಲಲ್ಲಿ ಹುಡುಕುವಾಗ ಮೇಲೆ ಮೇಲೆ ಬರುವ ಖಾಸಗಿ ಸೈಟುಗಳಲ್ಲಿ ಕಾರ್ಡ್ ನಂಬರ್ ಹಾಕ್ಲಿಕ್ಕೆ ಹೋಗ್ಬೇಡಿ. ತುಂಬಾ ಸೈಟುಗಳು ಬರೀ ಹುಡುಕಿ ಕೊಟ್ಟದ್ದಕ್ಕೇ ದುಡ್ಡು ತಗೊಳ್ತವೆ, ಸರ್ಟಿಫೈಡ್ ಕಾಪಿ ಅವರ ಹತ್ರ ಇರುವುದೇ ಇಲ್ಲ. ಕೋರ್ಟಿನ ಸ್ವಂತ ಸೈಟಿಂದಲೇ ಫಾರ್ಮ್ ತೆಗೀರಿ.

ಈಗ ಅಪೋಸ್ಟಿಲ್. ಅದು ಡೆಲ್ಲಿಯಲ್ಲಿ ಆಗುವುದಿಲ್ಲ, ವಾಷಿಂಗ್ಟನ್‌ನಲ್ಲೂ ಅಲ್ಲ, ವಾಷಿಂಗ್ಟನ್‌ನಲ್ಲಿ ಕೇಂದ್ರ ಸರ್ಕಾರದ ಕಾಗದಕ್ಕೆ ಮಾತ್ರ ಕೊಡ್ತಾರೆ. ಕೌಂಟಿ ಕೋರ್ಟಿನ ಕಾಗದಕ್ಕೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ಅಂದ್ರೆ ನಿಮಗೆ ಒಹಾಯೊದ್ದು, ಅದೂ ಕೊಲಂಬಸಲ್ಲೇ ಉಂಟು, ಒಂದು ಕಾಗದಕ್ಕೆ 5 ಡಾಲರ್. ಅಪೋಸ್ಟಿಲನ್ನು ಒಪ್ಪಿಕೊಳ್ಳುವ ದೇಶಗಳ ಒಪ್ಪಂದ ಒಂದು ಉಂಟು, ಭಾರತ 2005ರಲ್ಲಿ ಅದಕ್ಕೆ ಸೇರಿದೆ, ಹಾಗಾಗಿ ಅಪೋಸ್ಟಿಲ್ ಆದ ಮೇಲೆ ಕಾನ್ಸುಲೇಟಿನ ಸೀಲ್ ಬೇರೆ ಬೇಡ. ಕೋರ್ಟಲ್ಲಿ ಕಾಪಿ ಕೇಳುವಾಗಲೇ "ಅಪೋಸ್ಟಿಲಿಗೆ ಬೇಕು, ಬೇರೆ ದೇಶಕ್ಕೆ" ಅಂತ ಹೇಳ್ಬೇಕು, ಸರಿಯಾದ ಅಧಿಕಾರಿಯ ಸಹಿ ಇರುವ ಕಾಪಿ ಕೊಡ್ತಾರೆ. ಕೆಲವು ಏಜೆಂಟರು ಜೆರಾಕ್ಸಿಗೆ ನೋಟರಿ ಹಾಕಿಸಿ ಅದಕ್ಕೆ ಅಪೋಸ್ಟಿಲ್ ಮಾಡಿಸ್ತಾರೆ, ಅದು ನೋಟರಿಯ ಸಹಿ ಅಸಲಿ ಅಂತ ಹೇಳುವ ಕಾಗದ ಆಯ್ತೇ ಹೊರತು ಮದುವೆಯ ದಾಖಲೆ ಆಗ್ಲಿಲ್ಲ.

ಮಗುವಿನ ಬರ್ತ್ ಸರ್ಟಿಫಿಕೇಟಿಗೂ ಅಪೋಸ್ಟಿಲ್ ಕೇಳ್ತಾರೆ. ಅದು ಕೋರ್ಟಲ್ಲಿ ಸಿಗುವುದಿಲ್ಲ, ಹೆಲ್ತ್ ಡಿಪಾರ್ಟ್‌ಮೆಂಟಲ್ಲಿ. ಒಹಾಯೊದಲ್ಲಿ ಹುಟ್ಟಿದ್ದಾದ್ರೆ ರಾಜ್ಯದ ಯಾವ ಲೋಕಲ್ ಹೆಲ್ತ್ ಆಫೀಸಲ್ಲೂ ಕೊಡ್ತಾರೆ. ಎರಡನ್ನೂ ಒಟ್ಟಿಗೆ ಮಾಡಿಸಿ ಒಂದೇ ಕೊರಿಯರಲ್ಲಿ ಕಳಿಸ್ಲಿಕ್ಕೆ ಹೇಳಿ.

ಉಪ್ಪಳದ ಹುಡುಗಿ ಜೆರ್ಸಿಯಲ್ಲಿ:

ಇದನ್ನು ಓದಿ ಎಲ್ಲ ರಾಜ್ಯದಲ್ಲೂ ಪ್ರೊಬೇಟ್ ಕೋರ್ಟ್ ಅಂತ ತಿಳ್ಕೊಳ್ಬೇಡಿ ಪ್ಲೀಸ್. ಜಾರ್ಜಿಯಾದಲ್ಲಿ ಪ್ರೊಬೇಟ್ ಕೋರ್ಟೇ. ಟೆಕ್ಸಸಲ್ಲಿ ಕೌಂಟಿ ಕ್ಲರ್ಕ್, ಲೈಸೆನ್ಸ್ ತೆಗೆದ ಮೇಲೆ 72 ಗಂಟೆ ಕಾಯ್ಬೇಕು. ಮೇರಿಲ್ಯಾಂಡಲ್ಲಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್, ಅಲ್ಲಿ ಯಾವ ಕೌಂಟಿಯ ಲೈಸೆನ್ಸೋ ಅದೇ ಕೌಂಟಿಯೊಳಗೆ ಮದುವೆ ಆಗ್ಬೇಕು, ಒಹಾಯೊದ ಹಾಗಲ್ಲ. ನಮ್ಮ ನ್ಯೂಜೆರ್ಸಿಯಲ್ಲಿ ಕೋರ್ಟೂ ಇಲ್ಲ ಕೌಂಟಿಯೂ ಇಲ್ಲ, ಊರಿನ ಮುನ್ಸಿಪಾಲಿಟಿಯ ರಿಜಿಸ್ಟ್ರಾರ್. ನ್ಯೂಯಾರ್ಕ್ ಸಿಟಿಯಲ್ಲಿ ಸಿಟಿ ಕ್ಲರ್ಕ್, ಅಲ್ಲಿ 50 ವರ್ಷಕ್ಕಿಂತ ಈಚಿನ ರೆಕಾರ್ಡನ್ನು ಫ್ರೆಂಡ್ ಹೋಗಿ ಕೇಳಿದ್ರೆ ಹಾಗೇ ಕೊಡುವುದಿಲ್ಲ.

ಪೆರ್ಲದವ:

ಭಾವನ ಫ್ರೆಂಡ್ ಹೋಗ್ತೇನೆ ಅಂದಿದ್ದಾರೆ. ಈಗ ಕೊನೇ ಒಂದು. ಕೋರ್ಟ್ ರೆಕಾರ್ಡಲ್ಲಿ ಅಕ್ಕನ ಹೆಸರು ಮದುವೆಗೆ ಮುಂಚಿನದ್ದು, ಅಪ್ಪನ ಹೆಸರು ಸರ್‌ನೇಮ್ ಆಗಿ ಬಂದಿದೆ. ಈಗಿನ ಪಾಸ್‌ಪೋರ್ಟಲ್ಲಿ ಭಾವನ ಹೆಸರು ಸೇರಿದೆ. ತೊಂದರೆ ಆಗ್ತದಾ?

ಗಡಿನಾಡ ಗುಮಾಸ್ತ:

ಮದುವೆ ದಾಖಲೆಯಲ್ಲಿ ಮದುವೆಗೆ ಮುಂಚಿನ ಹೆಸರೇ ಇರ್ಬೇಕಾದ್ದು, ಅದಕ್ಕೆ ತಲೆಬಿಸಿ ಬೇಡ. ಹಳೇ ಪಾಸ್‌ಪೋರ್ಟ್ ಕ್ಯಾನ್ಸಲ್ ಆದದ್ದನ್ನು ಬಿಸಾಡ್ಬೇಡಿ, ಅದರ ಜೆರಾಕ್ಸ್ ಒಟ್ಟಿಗೆ ಇಡಿ, ಹಳೇ ಹೆಸರಿಗೂ ಹೊಸ ಹೆಸರಿಗೂ ಕೊಂಡಿ ಅದೇ. ಅಕ್ಷರವೇ ತಪ್ಪಿದ್ರೆ ಮಾತ್ರ ಕಷ್ಟ. ನಮ್ಮಲ್ಲಿ ಮನೆ ಹೆಸರಿನ ಇನಿಶಿಯಲ್ ಮುಂದೆ, ಅಲ್ಲಿಯವರು ಅದನ್ನು ಹಿಂದೆ ಹಾಕ್ತಾರೆ, ಬಿಡಿಸಿ ಬರೆಯುವಾಗ ಒಂದು ಅಕ್ಷರ ಅತ್ತಿತ್ತ. ಆ ಸರ್ಟಿಫಿಕೇಟನ್ನು ಲೈಸೆನ್ಸ್ ತೆಗೆದಾಗ ಇದ್ದ ಪಾಸ್‌ಪೋರ್ಟಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ನೀರ್ಚಾಲು ಟು ಒಹಾಯೊ:

ಮತ್ತೆ ಆ ಹೋಲಿಕೆ ಅಪೋಸ್ಟಿಲಿಗೆ ಕೊಡುವ ಮುಂಚೆಯೇ ಆಗ್ಬೇಕು. ಫ್ರೆಂಡ್ ಕೌಂಟರಲ್ಲೇ ನಿಂತು ಫೋಟೋ ತೆಗೆದು ವಾಟ್ಸಾಪ್ ಮಾಡ್ಲಿ, ಅಕ್ಕ ನೋಡಿ ಸರಿ ಅಂದ ಮೇಲೆ ಮುಂದಿನ ಆಫೀಸಿಗೆ ಹೋಗ್ಲಿ. ತಪ್ಪಿದ್ರೆ ತಿದ್ದಿಸುವುದು ಆ ಕೋರ್ಟಿಂದಲೇ. ಕಾಪಿ ಒಂದೇ ತಗೊಳ್ಬೇಡಿ, ನಾಲ್ಕೈದು ತೆಗೀಲಿ, ದೊಡ್ಡ ಖರ್ಚೇನಿಲ್ಲ, ಅದರಲ್ಲಿ ಎರಡಕ್ಕೆ ಅಪೋಸ್ಟಿಲ್ ಸಾಕು. ಅಪೋಸ್ಟಿಲ್ ಕಾಗದ ಪಿನ್ ಹೊಡೆದು ಕೊಟ್ಟಿರ್ತಾರೆ, ಸ್ಕ್ಯಾನ್ ಮಾಡ್ಲಿಕ್ಕೆ ಅಂತ ಇಲ್ಲಿ ಅಂಗಡಿಯವ ಅದನ್ನು ಬಿಚ್ಚದ ಹಾಗೆ ನೋಡ್ಕೊಳ್ಳಿ, ಬಿಚ್ಚಿದ್ರೆ ಮತ್ತೆ ಹೊಸತು ಮಾಡಿಸುವ ಕೆಲಸ.

ಪೆರ್ಲದವ:

ಆಯ್ತು ಅಣ್ಣ, ಸೋಮವಾರ ಅವರು ಹೋಗ್ತಾರಂತೆ. ಕೇಸ್ ನಂಬರ್ ಕಳಿಸಿ ಆಯ್ತು. ಅಪ್ಪ ಮಾತ್ರ ಇನ್ನೂ ಕೇಳ್ತಾ ಇದ್ದಾರೆ, ನಮ್ಮ ಧಾರೆಗೆ ಬೆಲೆ ಇಲ್ವಾ ಅಂತ, ಅದಕ್ಕೆ ಉತ್ತರ ಕೊಡುವ ಕೆಲಸ ಭಾವನಿಗೆ ಬಿಟ್ಟಿದ್ದೇನೆ.