ಚಲನೆಗಳ ‘ಸಂಯೋಜನೆ’ಯೋ, ‘ಹೊಸೆತ’ವೋ?

ಮೆದುಳು ಬಿಡಿಬಿಡಿ ಚಲನೆಗಳನ್ನು ಕೂಡಿಸಿ, ಗುರಿಯುಳ್ಳ ಒಂದು ಸರಾಗವಾದ ಕೆಲಸವನ್ನಾಗಿ ಮಾಡುವ ಬಗೆಯನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಈ ‘ಕೂಡಿಸುವಿಕೆ’ಗೆ ತಕ್ಕ ಪದ ಯಾವುದು ಎಂಬುದು ನನ್ನ ಪ್ರಶ್ನೆ. ಕೋಆರ್ಡಿನೇಷನ್ ಎಂಬುದಕ್ಕೆ ಸಮನ್ವಯ, ಹೊಂದಾಣಿಕೆ, ಸಂಯೋಜನೆ ಎಂಬ ಪದಗಳು ಬಳಕೆಯಲ್ಲಿವೆ. ಮೂರನ್ನೂ ಬಳಸಿ ನೋಡಿದೆ, ಮೂರೂ ಸಾಲದಾದವು.

ಸಮನ್ವಯವೆಂದಾಗ ಮೊದಲು ಭಿನ್ನತೆಯೊಂದು ಇದ್ದಿರಬೇಕು. ಬ್ರಹ್ಮಸೂತ್ರದ ಮೊದಲ ಅಧ್ಯಾಯವಾದ ಸಮನ್ವಯಾಧ್ಯಾಯದಿಂದ ಹಿಡಿದು ಇಂದಿನ ಸಮನ್ವಯ ಸಮಿತಿಗಳವರೆಗೆ ಅದರ ಅರ್ಥ ಬೇರೆಬೇರೆಯಾಗಿ ತೋರುವುದನ್ನು ಒಂದೆಡೆಗೆ ತರುವುದೇ ಆಗಿದೆ. ಹೊಂದಾಣಿಕೆಯಲ್ಲಿ ಯಾರಾದರೂ ಏನನ್ನಾದರೂ ಬಿಟ್ಟುಕೊಡಬೇಕು. ಸಂಯೋಜನೆಯಲ್ಲಿ ಭಾಗಗಳು ಇದ್ದ ಹಾಗೆಯೇ ಉಳಿದು ಪಕ್ಕಪಕ್ಕದಲ್ಲಿ ಜೋಡಣೆಗೊಳ್ಳುತ್ತವೆ.

ಆದರೆ ದೇಹದಲ್ಲಿ ನಡೆಯುವುದು ಹಾಗಲ್ಲ. ಲೋಟಕ್ಕೆ ಕೈ ಚಾಚುವುದನ್ನೇ ನೋಡೋಣ. ಫ್ರಾನ್ಸಿನ ನರವಿಜ್ಞಾನಿ ಮಾರ್ಕ್ ಜನರೋ 1980ರ ದಶಕದಲ್ಲಿ ದಾಖಲಿಸಿದಂತೆ, ಕೈ ಹೊರಟ ಸ್ವಲ್ಪದರಲ್ಲೇ ಬೆರಳುಗಳು ಬಿಡಿಸಿಕೊಳ್ಳತೊಡಗುತ್ತವೆ. ಚಲನೆಯ ಅವಧಿ ಶೇಕಡಾ 60ರಿಂದ 70ರಷ್ಟು ಕಳೆಯುವ ಹೊತ್ತಿಗೆ ಲೋಟದ ಅಗಲಕ್ಕಿಂತ ಹೆಚ್ಚಾಗಿ ಅರಳಿ, ಲೋಟ ಮುಟ್ಟುವ ಮೊದಲೇ ಮತ್ತೆ ಕಿರಿದಾಗುತ್ತಾ ಬರುತ್ತವೆ. 1920ರ ದಶಕದಲ್ಲಿ ಮಾಸ್ಕೋದಲ್ಲಿ ಸುತ್ತಿಗೆ ಹೊಡೆಯುವ ಕಾರ್ಮಿಕರ ಚಲನೆಗಳನ್ನು ಅಳೆದ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್, ಸುತ್ತಿಗೆಯ ತಲೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬಂದು ಬಿದ್ದರೂ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಹೊಡೆತದಿಂದ ಹೊಡೆತಕ್ಕೆ ಬದಲಾಗುವುದನ್ನು ಕಂಡರು. ಒಂದು ಕೀಲಿನ ಹೆಚ್ಚುಕಡಿಮೆಯನ್ನು ಇನ್ನೊಂದು ಕೀಲು ತುಂಬಿಕೊಡುತ್ತದೆ.

ಇಲ್ಲಿ ಕನ್ನಡ ವಾಕ್ಯರಚನೆಯೂ ನನ್ನನ್ನು ತಡೆಯಿತು. ‘ಕೈ ಚಾಚಿ, ಬೆರಳು ಬಿಡಿಸಿ, ಲೋಟ ಹಿಡಿದು, ಎತ್ತಿ ಕುಡಿದನು’ ಎಂದು ಸಹಜವಾಗಿ ಬರೆದೆ. ಒಂದು ಕೆಲಸ ಮುಗಿದ ಮೇಲೆ ಇನ್ನೊಂದು ಎಂಬ ಅರ್ಥ ಕೊಡುವ ಈ ವಾಕ್ಯ ಆರೋಗ್ಯವಂತನ ಚಲನೆಯನ್ನಲ್ಲ, ತಲೆಯ ಹಿಂಬದಿಯಲ್ಲಿರುವ ಕಿರುಮೆದುಳಿಗೆ (ಸೆರೆಬೆಲ್ಲಮ್) ಪೆಟ್ಟಾದವನ ಚಲನೆಯನ್ನು ಹೆಚ್ಚು ಹೋಲುತ್ತದೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಬದಿಗೆ ಗಾಯವಾದ ಸೈನಿಕರನ್ನು ಪರೀಕ್ಷಿಸಿದ ಬ್ರಿಟಿಷ್ ನರರೋಗತಜ್ಞ ಗಾರ್ಡನ್ ಹೋಮ್ಸ್, ಅವರ ಚಲನೆ ಹೀಗೆಯೇ ಒಂದೊಂದು ಕೀಲಾಗಿ ಬಿಡಿಬಿಡಿಯಾಗುವುದನ್ನು ವಿವರಿಸಿದ್ದಾರೆ. ಎಡಗೈ ತಾನಾಗಿಯೇ ನಡೆಯುತ್ತದೆ, ಬಲಗೈಯ ಪ್ರತಿಯೊಂದು ಚಲನೆಯನ್ನೂ ಯೋಚಿಸಿಯೇ ಮಾಡಬೇಕು ಎಂದು ಕಿರುಮೆದುಳಿನ ಬಲಭಾಗಕ್ಕೆ ಪೆಟ್ಟಾಗಿದ್ದ ರೋಗಿಯೊಬ್ಬ ಹೇಳಿಕೊಂಡಿದ್ದ. ಆದ್ದರಿಂದ ‘ಚಾಚಿ’ ಎಂಬುದನ್ನು ‘ಚಾಚುತ್ತಲೇ’ ಎಂದು ತಿದ್ದಿಕೊಂಡೆ. ಇದು ಶೈಲಿಯ ತಿದ್ದುಪಡಿಯಲ್ಲ, ಅರ್ಥದ ತಿದ್ದುಪಡಿ.

ಹೀಗೆ ಕೂಡುವಾಗ ಅಂಚಿನಲ್ಲಿ ಬದಲಾಗುವುದಕ್ಕೆ ನಮ್ಮ ವ್ಯಾಕರಣದಲ್ಲಿ ಸೊಗಸಾದ ಪದವಿದೆ: ಸಂಧಿ. ಮಳೆ, ಕಾಲ ಕೂಡಿದಾಗ ಕಕಾರ ಗಕಾರವಾಗಿ ಮಳೆಗಾಲವಾಗುತ್ತದೆ. ಮಾತಾಡುವ ಬಾಯಿಯೂ ಇದನ್ನೇ ಮಾಡುತ್ತದೆ. ‘ಕೂಡು’ ಎನ್ನಲು ಹೊರಟರೆ ಕಕಾರ ಕೇಳಿಸುವ ಮೊದಲೇ ತುಟಿ ದುಂಡಗಾಗುತ್ತದೆ, ‘ಕೀಲು’ ಎನ್ನುವಾಗ ಆಗುವುದಿಲ್ಲ. ಮುಂದೆ ಬರುವ ಸ್ವರಕ್ಕೆ ತುಟಿ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಶರೀರದ ವಿಷಯದಲ್ಲಿ ಸಂಧಿ ಎಂದರೆ ಕೀಲು, ಸಂಧಿವಾತ ಎಂದರೆ ಕೀಲುನೋವಿನ ರೋಗ. ‘ಭುಜಸಂಧಿಯ ಚಲನೆಗಳ ಸಂಧಿ’ ಎಂದು ಬರೆದರೆ ಓದುಗರು ದಿಕ್ಕುತಪ್ಪುತ್ತಾರೆ. ಇಷ್ಟು ಒಪ್ಪುವ ಪದವನ್ನು ಕೈಬಿಡಬೇಕಾಗಿರುವುದು ನನಗೆ ನಿಜವಾಗಿಯೂ ಬೇಸರ ತಂದಿದೆ.

ಗುರಿಯುಳ್ಳ ಚಲನೆಗೆ ‘ಉದ್ದೇಶಪೂರ್ವಕ ಚಲನೆ’ ಎಂಬುದನ್ನೂ ಬಿಟ್ಟಿದ್ದೇನೆ. ಉದ್ದೇಶಪೂರ್ವಕ ಎಂದೊಡನೆ ಆಪಾದನೆಯ ಧ್ವನಿ ಬರುತ್ತದೆ. ‘ಗುರಿಯಿಟ್ಟ ಚಲನೆ’ ಸಾಕು.

ಈಗ ನನ್ನ ಮನಸ್ಸು ಹಗ್ಗದ ಕಡೆಗೆ ವಾಲಿದೆ. ಬಿಡಿ ಚಲನೆಗೆ ‘ಎಳೆ’, ಕೂಡಿಸುವುದಕ್ಕೆ ‘ಹೊಸೆ’, ಕೂಡಿ ಆದದ್ದಕ್ಕೆ ‘ಹುರಿ’. ಹೊಸೆದ ಎಳೆ ನೇರವಾಗಿ ಉಳಿಯದೆ ಪಕ್ಕದ ಎಳೆಗೆ ತಕ್ಕಂತೆ ಬಾಗುತ್ತದೆ. ಎಲ್ಲ ಎಳೆಗಳೂ ಉದ್ದಕ್ಕೂ ಒಟ್ಟಿಗೇ ಸಾಗುತ್ತವೆ. ಅಡ್ಡಿಗಳೂ ಇವೆ. ‘ಕಥೆ ಹೊಸೆದ’ ಎಂದರೆ ಇಲ್ಲದ್ದನ್ನು ಕಟ್ಟಿ ಹೇಳಿದ ಎಂಬ ಅರ್ಥ ಬರುತ್ತದೆ. ‘ಹುರಿಗೊಂಡ ಮೈ’ ಎಂದರೆ ಗಟ್ಟಿಮುಟ್ಟಾದ ಮೈ. ದೇಹವನ್ನು ಕುರಿತ ಬರಹದಲ್ಲಿ ಈ ಎರಡನೆಯದು ಹೆಚ್ಚು ಗೊಂದಲ ತರಬಹುದು.

ನೇಯ್ಗೆ, ಕುಸ್ತಿ, ಮದ್ದಳೆ, ಕಮ್ಮಾರಿಕೆ ಮುಂತಾದ ಕೈಕೆಲಸಗಳನ್ನು ಕಲಿಸುವವರ ಮಾತನ್ನು ಬಲ್ಲವರು ದಯವಿಟ್ಟು ತಿಳಿಸಬೇಕು: ಬಿಡಿಬಿಡಿಯಾಗಿ ಕಲಿತ ಪಟ್ಟುಗಳು ಶಿಷ್ಯನ ಕೈಯಲ್ಲಿ ಒಂದಾಗಿ ಹರಿಯತೊಡಗಿದಾಗ, ‘ಕೈ ಪಳಗಿತು’ ಎನ್ನುವುದರ ಹೊರತಾಗಿ, ಆ ಕೂಡುವಿಕೆಗೇ ನಿಮ್ಮ ಕಡೆ ಬೇರೆ ಮಾತು ಇದೆಯೇ?