ಸಹಾಯ ಬೇಕು: ಹೈಬ್ರಿಡ್ ಕಾರಿಗೆ ಹಗುರವಾದ ಟ್ರೇಲರ್

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿರುವ ನಾನು ನನ್ನ 1.5 ಲೀಟರ್ ಎಂಜಿನ್‌ನ ಹೈಬ್ರಿಡ್ (ಎಂಜಿನ್ ಜೊತೆಗೆ ವಿದ್ಯುತ್ ಮೋಟಾರ್ ಇರುವ) ಕಾರಿಗೆ, ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಸೇರಿ ಸುಮಾರು 250 ಕಿಲೋ ತೂಗುವ, ಸ್ವಂತ ಬ್ರೇಕ್ ಇಲ್ಲದ ಟ್ರೇಲರ್ ಜೋಡಿಸಿ ಕಡಲ ತೀರದ ಕೋಡಿ ಬೆಂಗ್ರೆಗೂ ಆಗುಂಬೆ ಘಾಟಿಯ ಮೂಲಕ ತೀರ್ಥಹಳ್ಳಿಗೂ ಒಯ್ಯಬೇಕೆಂದಿದ್ದೇನೆ.

ಏರಿಗಿಂತ ಇಳಿಜಾರೇ ನನ್ನ ಮುಖ್ಯ ಚಿಂತೆ. ಘಾಟಿ ಇಳಿಯುವಾಗ ಸಣ್ಣ ಬ್ಯಾಟರಿ ಬೇಗ ತುಂಬಿಬಿಡುವುದರಿಂದ ಮೋಟಾರ್ ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಕಾರಿನ ವೇಗಕ್ಕೆ ಸಿಗುವ ತಡೆ ಕಡಿಮೆಯಾಗಿ, ಹಿಂದಿನಿಂದ ತಳ್ಳುವ ಟ್ರೇಲರ್‌ನ ಭಾರವೂ ಸೇರಿ, ಹದಿನಾಲ್ಕು ತಿರುವುಗಳ ಉದ್ದಕ್ಕೂ ಎಂಜಿನ್ ಮತ್ತು ಚಕ್ರದ ಬ್ರೇಕ್‌ಗಳೇ ಎಲ್ಲವನ್ನೂ ಹೊರಬೇಕಾಗುತ್ತದೆ. ‘ಬಿ’ ಗೇರ್‌ನಲ್ಲಿ (ಇಳಿಜಾರಿನಲ್ಲಿ ಎಂಜಿನ್‌ನ ತಡೆ ಹೆಚ್ಚಿಸುವ ಸ್ಥಾನ) ಇಳಿದವರು ಬ್ರೇಕ್ ಬಿಸಿಯಾದ ಅನುಭವವನ್ನು ದಯವಿಟ್ಟು ತಿಳಿಸಿ.

ಕೆಟ್ಟು ನಿಂತ ಕಾರನ್ನು ಎಳೆಯಲೆಂದಿರುವ ಕೊಕ್ಕೆಯನ್ನು ಇದಕ್ಕೆ ಬಳಸಲಾರೆ. ಚಾಸಿಗೆ ಬೋಲ್ಟ್ ಮಾಡುವ ಗಟ್ಟಿ ಹಿಚ್ಚನ್ನು (ಟ್ರೇಲರ್ ಜೋಡಿಸುವ ಕೊಂಡಿ) ಮಂಗಳೂರು–ಉಡುಪಿ ಪರಿಸರದಲ್ಲಿ ಯಾರು ಕೂರಿಸುತ್ತಾರೆ? ಟ್ರೇಲರ್‌ನ ಪ್ರತ್ಯೇಕ ನೋಂದಣಿ ಮಾಡಿಸಿದವರಿದ್ದರೆ ಬೇಕಾದ ದಾಖಲೆಗಳನ್ನೂ ತಿಳಿಸಬೇಕಾಗಿ ವಿನಂತಿ.