ಗೆಟಿಸ್‌ಬರ್ಗ್ ಮೊದಲ ದಿನವನ್ನು ಮೇಜಿನ ಮೇಲೆ ಆಡಿದವರು ಯಾರಿದ್ದೀರಿ? ಅನುಭವ ಹೇಳಿ

ಹೊಸ ದಾಳ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆ ವಾರ ಕಾಲೇಜು ಗೆಳೆಯರು ಆರು ಜನ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನವನ್ನು ಮಿನಿಯೇಚರ್ (ಪುಟ್ಟ ಸಿಪಾಯಿ ಗೊಂಬೆ) ಇಟ್ಟು ಆಡಬೇಕು ಅಂತ ಆಸೆ. ಅದರಲ್ಲೂ ಮೊದಲ ದಿನ, 1863ರ ಜುಲೈ 1. ಮೇಜು 6 ಅಡಿ ಉದ್ದ, 4 ಅಡಿ ಅಗಲ. ಕೈಯಲ್ಲಿರುವುದು 25,000 ರೂಪಾಯಿ. ನನ್ನನ್ನು ಬಿಟ್ಟರೆ ಐವರಿಗೂ ಇದು ಹೊಸದು. ಬೆಳಗ್ಗೆ ಕೂತರೆ ಸಂಜೆಗೆ ಮುಗಿಯಬೇಕು. ಯಾವ ಸ್ಕೇಲ್, ಅಂದರೆ ಎಷ್ಟು ಎತ್ತರದ ಗೊಂಬೆ, ತಗೊಳ್ಳಲಿ? ಇಡೀ ದಿನ ಆಡಿಸಲಾ, ಒಂದು ತುಂಡು ಆಡಿಸಲಾ?

ಬಣ್ಣದ ಡಬ್ಬಿ:
28 ಮಿಮೀ. ಬೇರೆ ಯೋಚನೆಯೇ ಬೇಡ. ನಾನು 2019ರಲ್ಲಿ ಶುರು ಮಾಡಿದೆ. ಒಂದು ಕಡೆ ಉತ್ತರದ ಯೂನಿಯನ್ ಸೈನ್ಯದ ಐರನ್ ಬ್ರಿಗೇಡಿನ ಐದು ರೆಜಿಮೆಂಟು, ಇನ್ನೊಂದು ಕಡೆ ದಕ್ಷಿಣದವರ ಆರ್ಚರ್ ಮತ್ತು ಡೇವಿಸ್ ಬ್ರಿಗೇಡು. 20 ಜನಕ್ಕೆ ಒಂದು ಫಿಗರ್. ಲೆಕ್ಕ ಸುಲಭ ಅನ್ನಿಸಿತ್ತು. ಆದರೆ ಐರನ್ ಬ್ರಿಗೇಡಿನವರು ಹಾಕುತ್ತಿದ್ದದ್ದು ಎತ್ತರದ ಕಪ್ಪು ಟೋಪಿ. ನಾನು ತರಿಸಿದ ಬಾಕ್ಸಿನಲ್ಲಿ ಇದ್ದದ್ದು ಮಾಮೂಲಿ ಚಪ್ಪಟೆ ಟೋಪಿ. ತಲೆ ಬೇರೆಯಾಗಿ ಕೊಳ್ಳಬೇಕಾಯಿತು. ಒಂದು ತಲೆಗೆ 60 ರೂಪಾಯಿ, 95 ತಲೆ. ಅಂಚೆ ಖರ್ಚು ಬೇರೆ.

ಆಮೇಲೆ ಸುಂಕ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ 20ರಿಂದ 60 ಪರ್ಸೆಂಟ್‌ಗೆ ಹೋಯಿತು, 2023ರಲ್ಲಿ 70 ಆಯಿತು. ನನ್ನ ಎರಡನೇ ಪಾರ್ಸೆಲ್ ಮೇಲೆ ಕಳಿಸಿದವರು 'ಆಟಿಕೆ' ಅಂತಲೇ ಬರೆದಿದ್ದರು. 9,200ರ ಸಾಮಾನಿಗೆ ಎಲ್ಲ ಸೇರಿ 16,850 ಕೊಟ್ಟೆ. ರಸೀದಿ ಈಗಲೂ ಇದೆ.

ಜುಲೈನಲ್ಲಿ ಟೆರೇಸ್ ಮೇಲೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ಕೋಟು) ಹೊಡೆದೆ. ಮಳೆ ಇರಲಿಲ್ಲ, ಆದರೆ ಗಾಳಿಯಲ್ಲಿ ತೇವ ಇತ್ತು. 48 ಫಿಗರ್ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪುಡಿ ಕೂತುಕೊಂಡಿತು. ಡೆಟಾಲ್‌ನಲ್ಲಿ ಎರಡು ದಿನ ನೆನೆಸಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಮೊದಲ ಸಲ ನೇರ ನೀರಿಗೆ ಹಿಡಿದೆ, ಎಲ್ಲ ಹಲಸಿನ ಮೇಣದ ಹಾಗೆ ಅಂಟಿಕೊಂಡಿತು. ಡೆಟಾಲ್‌ನಲ್ಲೇ ಉಜ್ಜಿ ಮುಗಿಸಬೇಕು, ಆಮೇಲೆ ಸೋಪು, ನೀರು. ಮನೆಯಲ್ಲಿ ಒಂದು ವಾರ ಆಸ್ಪತ್ರೆ ವಾಸನೆ. ಇದುವರೆಗಿನ ಖರ್ಚು 1,46,300. ಒಂದೇ ಸಲ ಆಡಿದ್ದೇವೆ. ಐದು ಗಂಟೆಯಲ್ಲಿ ನಾಲ್ಕು ಟರ್ನ್. ಆರ್ಚರ್ ಇನ್ನೂ ವಿಲಬೀಸ್ ರನ್ ಹಳ್ಳ ದಾಟಿರಲಿಲ್ಲ. ಆದರೂ ಹೇಳುತ್ತೇನೆ, ಆ ಕಪ್ಪು ಟೋಪಿಗಳು ಕಾಡಿನ ಅಂಚಿಗೆ ಬಂದು ನಿಂತ ನೋಟಕ್ಕೆ ಆ ದುಡ್ಡು ಸಲ್ಲುತ್ತದೆ.

ಇರುವೆ ಸೈನ್ಯ:
ನಾಲ್ಕು ಟರ್ನ್‌ಗೆ ಒಂದೂವರೆ ಲಕ್ಷ. ಟರ್ನ್‌ಗೆ ಎಷ್ಟು ಬಿತ್ತು ಅಂತ ಸಾರ್ ಅವರೇ ಭಾಗಿಸಿಕೊಳ್ಳಲಿ.

6 ಮಿಮೀ ತಗೊಳ್ಳಿ. ನಾನು ಇಡೀ ದಿನ ಆಡಿಸಿದ್ದೇನೆ, ಬೆಳಗ್ಗೆ ಯೂನಿಯನ್ನಿನ ಬ್ಯೂಫೋರ್ಡ್‌ನ ಕುದುರೆ ಪಡೆಯಿಂದ ಸಂಜೆ ಯೂನಿಯನ್ನಿನವರು ಸೆಮೆಟರಿ ಹಿಲ್‌ಗೆ ಓಡುವವರೆಗೆ. 1 ಇಂಚಿಗೆ 50 ಗಜ ಹಿಡಿದರೆ ಊರಿನ ಪಶ್ಚಿಮದ ದಿಣ್ಣೆ ಹರ್ ರಿಜ್‌ನಿಂದ ಊರಿನವರೆಗೆ 6 ಅಡಿಯಲ್ಲಿ ಕೂರುತ್ತದೆ. 1,500 ಜನರ ಬ್ರಿಗೇಡು ಎರಡು ಸಾಲಲ್ಲಿ ನಿಂತರೆ ಸುಮಾರು 500 ಗಜ, ಅಂದರೆ 10 ಇಂಚು. ಆ 10 ಇಂಚಲ್ಲಿ ನನ್ನದು ಸೈನ್ಯದ ಹಾಗೇ ಕಾಣುತ್ತದೆ. 28ರಲ್ಲಿ ಅದು ಬಸ್ ಸ್ಟಾಪಲ್ಲಿ ನಿಂತ ಹನ್ನೆರಡು ಜನ.

ತೊಂದರೆ ಇಲ್ಲ ಅಂತಲ್ಲ. ಕನ್ನಡಕದ ನಂಬರ್ ಎರಡು ಸಲ ಬದಲಾಯಿತು. ಒಂದು ದಿನ ಕೋಣೆ ಗುಡಿಸುವಾಗ ಯೂನಿಯನ್ನಿನ ಡೆವಿನ್ ಬ್ರಿಗೇಡಿನ ಒಂದು ಬೇಸು (ಫಿಗರ್ ಅಂಟಿಸುವ ತುಂಡು) ಕಸದ ಜೊತೆ ಹೋಯಿತು. ಗುಡಿಸಿದ್ದು ನಾನೇ, ಬೈಯಲು ಯಾರೂ ಸಿಗಲಿಲ್ಲ. ಸೀಸದ ಫಿಗರ್, ಬಣ್ಣ, ಬೇಸು, ಅಂಚೆ ಎಲ್ಲ ಸೇರಿ 31,400. ಎರಡೂ ಕಡೆ ಪೂರ್ತಿ ಸೈನ್ಯ.

ನನ್ನ ಆಟದಲ್ಲಿ ದಕ್ಷಿಣದ ಬ್ರಿಗೇಡ್ ನಾಯಕ ಐವರ್ಸನ್ ಆಗಿ ಆಡಿದ ಹುಡುಗನಿಗೆ ನಿಜವಾಗಿ ಏನಾಯಿತು ಅಂತ ಗೊತ್ತಿರಲಿಲ್ಲ. ನಾಲ್ಕು ರೆಜಿಮೆಂಟನ್ನೂ ಮುಂದೆ ದಾರಿ ನೋಡುವ ಚದುರು ಪಡೆ ಬಿಡದೆ ನೇರ ನಡೆಸಿದ. ಕಲ್ಲುಗೋಡೆ ಹಿಂದೆ ಯೂನಿಯನ್ನಿನ ಬಾಕ್ಸ್ಟರ್‌ನ ಜನ ಮಲಗಿದ್ದರು. ಒಂದೇ ಟರ್ನ್‌ನಲ್ಲಿ ಬ್ರಿಗೇಡ್ ಮುಗಿಯಿತು. 1863ರಲ್ಲೂ ಹೀಗೇ ಆಗಿತ್ತು, ಸುಮಾರು 1,400 ಜನರಲ್ಲಿ 900ರಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಹುಡುಗ ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ಬಣ್ಣದ ಡಬ್ಬಿ:
ಸಾಸಿವೆ ಚೆಲ್ಲಿ ಸೈನ್ಯ ಅನ್ನುವುದಾದರೆ ನಮ್ಮ ಒಗ್ಗರಣೆ ಡಬ್ಬಿಯಲ್ಲೂ ಒಂದು ಡಿವಿಷನ್ ಇದೆ.

ಎಡಿಸನ್ ಮಾವ:
ಜಗಳ ಆಮೇಲೆ ಆಡಿ. ಜಾಗ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ನಾನು ನ್ಯೂಜೆರ್ಸಿಯಲ್ಲಿ ಇರುವುದು, ಮೂರು ಗಂಟೆ ದಾರಿ. ಏಳು ಸಲ ಹೋಗಿದ್ದೇನೆ. ನಮ್ಮವಳು ಮೂರನೇ ಸಲಕ್ಕೇ ಕಾರಿನಿಂದ ಇಳಿಯುವುದನ್ನು ನಿಲ್ಲಿಸಿದಳು.

ಎಲ್ಲರೂ ಮ್ಯಾಕ್‌ಫರ್ಸನ್ ರಿಜ್ ಅಂದರೆ ಥರ್ಮಾಕೋಲ್ ಕತ್ತರಿಸಿ ಚಾಮುಂಡಿ ಬೆಟ್ಟ ಮಾಡಿಡುತ್ತಾರೆ. ಅಲ್ಲಿ ನಿಂತರೆ ಅದು ಹೊಲದಲ್ಲಿ ಎದ್ದ ಒಂದು ಅಲೆ ಅಷ್ಟೇ. ಆ ಅಲೆಯ ಹಿಂದೆ ಒಂದು ರೆಜಿಮೆಂಟು ಮಲಗಿದರೆ ಕಾಣಿಸುವುದಿಲ್ಲ, ಇಡೀ ಬೆಳಗಿನ ಕದನ ನಿಂತಿರುವುದೇ ಅದರ ಮೇಲೆ. ನಾನು ಹಳೆ ಮ್ಯಾಗಜಿನ್ ಜೋಡಿಸಿ ಮೇಲೆ ಹಸಿರು ಬೆಡ್‌ಶೀಟ್ ಹಾಸುತ್ತೇನೆ. ಕಲ್ಲಿನ ಕೊಟ್ಟಿಗೆ ಈಗಲೂ ಇದೆ. ರೈಲ್ವೆ ಕಟ್‌ನಲ್ಲಿ ಈಗ ಹಳಿ ಇದೆ, ಆಗ ಇರಲಿಲ್ಲ, ಬರೀ ಅಗೆದು ಬಿಟ್ಟ ಕಂದಕ. ಮೇಜಿನ ಮೇಲೆ ಹಳಿ ಇಟ್ಟವರ ಫೋಟೋ ನೋಡಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಕಳೆದ ಸಲ ಭಾವಮೈದುನನಿಗೆ ಅಂತ 4 ಕೆಜಿ ಸೀಸದ ಫಿಗರ್ ಸೂಟ್‌ಕೇಸಲ್ಲಿ ತಂದೆ. ಏರ್‌ಪೋರ್ಟಲ್ಲಿ ಬಿಚ್ಚಿಸಿದರು. ಉಪ್ಪಿನಕಾಯಿ ಬಾಟ್ಲಿ ಪಕ್ಕದಲ್ಲಿ ಇನ್ನೂರು ಸಿಪಾಯಿಗಳು. ನಲವತ್ತು ನಿಮಿಷ ವಿವರಿಸಿದೆ. 11 ಬಯೊನೆಟ್ ಮುರಿದಿದ್ದವು.

ಕುದುರೆ ಲಾಳ:
ಬ್ಯೂಫೋರ್ಡ್ ಬಗ್ಗೆ ಒಂದು ಸಲಹೆ. ಅವನ ಸವಾರರ ಹತ್ತಿರ ಏಳು ಗುಂಡಿನ ಸ್ಪೆನ್ಸರ್ ಬಂದೂಕು ಇತ್ತು. ನಾನು ಅವರಿಗೆ ಡಬಲ್ ಡೈಸ್ ಕೊಡುತ್ತೇನೆ. ನನ್ನ ಆಟದಲ್ಲಿ ಅವನ ಕೈಕೆಳಗಿನ ಗ್ಯಾಂಬಲ್ ಒಬ್ಬನೇ ಮಧ್ಯಾಹ್ನದವರೆಗೆ ದಕ್ಷಿಣದ ಹೆತ್ ಡಿವಿಷನ್ ತಡೆದ. ಮೂರು ಸಲ ಆಡಿದ್ದೇನೆ, ಮೂರು ಸಲವೂ ಯೂನಿಯನ್ ಗೆಲುವು.

ಎಡಿಸನ್ ಮಾವ:
ಗೆಲ್ಲದೆ ಇನ್ನೇನು ಮಾರಾಯ್ರೇ! ಇಲ್ಲದ ಬಂದೂಕು ಕೊಟ್ಟರೆ ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ನೂ ಗೆಲ್ಲುತ್ತಾನೆ. ಬ್ಯೂಫೋರ್ಡ್‌ನವರ ಹತ್ತಿರ ಇದ್ದದ್ದು ಶಾರ್ಪ್ಸ್ ತರಹದ, ಹಿಂಬದಿಯಿಂದ ತುಂಬುವ, ಒಂದೇ ಗುಂಡಿನ ಕಾರ್ಬೈನು (ಗಿಡ್ಡ ಬಂದೂಕು). ಸ್ಪೆನ್ಸರ್ ಇದ್ದದ್ದು ಕಸ್ಟರ್‌ನ ಮಿಷಿಗನ್ ಬ್ರಿಗೇಡಿನಲ್ಲಿ, ಅವರು ಗೆಟಿಸ್‌ಬರ್ಗ್‌ನಲ್ಲಿ ಕಾದಾಡಿದ್ದು ಮೂರನೇ ದಿನ, ಊರಿನ ಪೂರ್ವಕ್ಕೆ. ಮೇಲಾಗಿ ಇಳಿದು ಹೋರಾಡುವಾಗ ನಾಲ್ಕರಲ್ಲಿ ಒಬ್ಬ ಕುದುರೆ ಹಿಡಿದು ಹಿಂದೆ ನಿಲ್ಲಬೇಕು. ಆ ಕಾಲುಭಾಗ ಕಳೆದಿದ್ದೀರಾ?

ಕುದುರೆ ಲಾಳ:
ನಾನು ಓದಿದ ಕಡೆ ಸ್ಪೆನ್ಸರ್ ಅಂತಲೇ ಇತ್ತು. ಏಳು ಸಲ ಪಾರ್ಕಿಗೆ ಹೋದ ಮಾತ್ರಕ್ಕೆ ಎಲ್ಲ ಗೊತ್ತಿದೆ ಅಂತಲ್ಲ. 38 ಸವಾರರಿಗೆ ಬೆನ್ನ ಮೇಲೆ ಸ್ಪೆನ್ಸರ್ ಅಂಟಿಸಿದ್ದೇನೆ, ಒಂದೊಂದಕ್ಕೂ ಹದಿನೈದು ನಿಮಿಷ. ಈಗ ಕೀಳಲಾ?

ಇರುವೆ ಸೈನ್ಯ:
6 ಮಿಮೀಯಲ್ಲಿ ಯಾವ ಬಂದೂಕು ಅಂತ ದೇವರಿಗೂ ಕಾಣಿಸುವುದಿಲ್ಲ. ಸುಮ್ನೆ ಹೇಳಿದೆ.

ರೆಸಿನ್ ರಾಯ:
ಸುಂಕ, ಸೂಟ್‌ಕೇಸ್, ಇದೆಲ್ಲ ಯಾಕೆ ಅಂತ? 3ಡಿ ಪ್ರಿಂಟರ್ ತಗೊಳ್ಳಿ. ನನ್ನದು 24,000. ರೆಸಿನ್ ಲೀಟರಿಗೆ ಎರಡೂಕಾಲು ಸಾವಿರ. 15 ಮಿಮೀ ಕಾಲಾಳು ಒಂದಕ್ಕೆ ಐದು ರೂಪಾಯಿಯೂ ಬೀಳುವುದಿಲ್ಲ. ಮೊದಲ ತಿಂಗಳು ಮಾತ್ರ ಕಷ್ಟ. ಹದಿನಾಲ್ಕು ಪ್ಲೇಟಿನಲ್ಲಿ ಒಂಬತ್ತು ಕೆಟ್ಟವು. ಬರೀ ಕಾಲು ಬರುತ್ತಿತ್ತು, ಮೇಲಿನ ಅರ್ಧ ಟ್ರೇ ತಳದಲ್ಲಿ ಅಂಟಿಕೊಂಡಿರುತ್ತಿತ್ತು. ಚಳಿಗಾಲದಲ್ಲಿ ರೆಸಿನ್ ಗಟ್ಟಿ, ಬಾಟ್ಲಿಯನ್ನು ಬಿಸಿನೀರಲ್ಲಿ ಇಟ್ಟು ಹಾಕಬೇಕು. ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ತಿಂಗಳಿಗೆ ಐದು ಲೀಟರ್. ಗ್ಲೌಸ್ ಒಂದು ದಿನ ಮರೆತೆ, ಎರಡು ವಾರ ಕೈ ತುರಿಕೆ. ಚರ್ಮದ ಡಾಕ್ಟರಿಗೆ 1,800. ವಾಸನೆಗೆ ಪಕ್ಕದ ಮನೆಯವರು ಬಂದು ಗ್ಯಾಸ್ ಲೀಕ್ ಆಗಿದೆಯಾ ಅಂತ ಕೇಳಿದರು. ಈಗ ಬಾತ್‌ರೂಮಿನಲ್ಲಿ ಎಗ್ಸಾಸ್ಟ್ ಹಾಕಿಸಿ ಅಲ್ಲೇ ಇಟ್ಟಿದ್ದೇನೆ. ಪ್ರಿಂಟ್ ಮಾಡುವ ಡಿಸೈನ್ ಫೈಲ್ ಬೇಕಾದವರಿಗೆ ಪೂರ್ತಿ ಫೋಲ್ಡರ್ ಕಳಿಸುತ್ತೇನೆ.

ಬಣ್ಣದ ಡಬ್ಬಿ:
ಫೋಲ್ಡರ್ ಕಳಿಸುತ್ತೀರಾ? ಯಾರೋ ಕೂತು ಕೆತ್ತಿದ ಫೈಲು ಅದು. ಅವರಿಗೆ ಎಷ್ಟು ಕೊಟ್ಟಿರಿ?

ರೆಸಿನ್ ರಾಯ:
ಒಂದು ಸೆಟ್ಟಿಗೆ ಕೊಟ್ಟಿದ್ದೇನೆ. ಉಳಿದದ್ದು ಗೆಳೆಯ ಕೊಟ್ಟ. ನಿಮ್ಮ ಹಾಗೆ ತಲೆಗೆ 60 ರೂಪಾಯಿ ಕೊಡುವಷ್ಟು ನಾನು ಶ್ರೀಮಂತನಲ್ಲ.

ಬಣ್ಣದ ಡಬ್ಬಿ:
ಕದ್ದದ್ದನ್ನು ಕದ್ದದ್ದು ಅಂತ ಹೇಳಲು ಶ್ರೀಮಂತ ಆಗಬೇಕಿಲ್ಲ.

ತುಂಗೆ ತೀರ:
ಅಣ್ಣಂದಿರಾ, ಸಾಕು. ನನ್ನ ಅನುಭವ ಬೇರೆ. ಪಕ್ಕದ ಬೀದಿಯ ಒಂದು ಕಾಫಿ ಅಂಗಡಿಯಲ್ಲಿ ಭಾನುವಾರ ಆಟ ಇಟ್ಟಿದ್ದೆವು. ಡೇವಿಸ್ ಬ್ರಿಗೇಡಿಗೆ ದಕ್ಷಿಣದ ಸೈನ್ಯದ, ಕೆಂಪು ಬಟ್ಟೆಯ ಮೇಲೆ ನೀಲಿ ಓರೆ ಪಟ್ಟಿಗಳು ಒಂದನ್ನೊಂದು ದಾಟುವ ಬಾವುಟ ಹಾಕಿದ್ದೆ. ಬಣ್ಣ ಹಚ್ಚಲು ಎರಡು ವಾರ, ನಕ್ಷತ್ರಗಳನ್ನು ಹಲ್ಲುಕಡ್ಡಿಯ ತುದಿಯಲ್ಲಿ ಇಟ್ಟಿದ್ದೆ. ಪಕ್ಕದ ಟೇಬಲ್ಲಿನ ಅಮೆರಿಕದ ಹುಡುಗಿ ಎದ್ದು ಬಂದು, ಇದನ್ನ ಯಾಕೆ ಇಟ್ಟಿದ್ದೀರಿ ಅಂತ ಕೇಳಿದಳು. ಸಿಟ್ಟಿನಿಂದಲ್ಲ. ನನಗೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಓದಿದೆ. ಗೆಟಿಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾಕ್ಕೆ ಬಂದ ಆ ಸೈನ್ಯ ಅಲ್ಲಿದ್ದ ಕಪ್ಪು ಜನರನ್ನು, ಸ್ವತಂತ್ರರನ್ನೂ ಸೇರಿಸಿ, ಹಿಡಿದು ದಕ್ಷಿಣಕ್ಕೆ ಗುಲಾಮಗಿರಿಗೆ ಸಾಗಿಸಿತ್ತು. ಮಿಸಿಸಿಪಿ ರಾಜ್ಯವೇ 2020ರಲ್ಲಿ ತನ್ನ ಬಾವುಟದಿಂದ ಆ ಗುರುತು ತೆಗೆಯಿತು. ಈಗ ಆಟದ ಮೊದಲು ಐದು ನಿಮಿಷ ಇದನ್ನು ಹೇಳಿಯೇ ಶುರು ಮಾಡುತ್ತೇನೆ.

ಕುದುರೆ ಲಾಳ:
ಇದು ಆಟ ಮೇಡಂ, ಪಾಠ ಅಲ್ಲ. ಒಂದು ಕಡೆಯವರನ್ನು ಯಾರಾದರೂ ಆಡಲೇಬೇಕಲ್ಲ.

ತುಂಗೆ ತೀರ:
ಆಡಬೇಡಿ ಅಂದೆನಾ? ಐದು ನಿಮಿಷ ಅಂದೆ. ನಿಮ್ಮ ಸ್ಪೆನ್ಸರ್ ಒಂದು ಅಂಟಿಸಲು ಹದಿನೈದು ನಿಮಿಷ ಅಂದಿರಲ್ಲ.

ಹೊಸ ದಾಳ:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಮೇಜು 6 ಬೈ 4, ದುಡ್ಡು 25,000, ಐವರು ಹೊಸಬರು. ಇದಕ್ಕೆ ಏನು ಮಾಡಲಿ?

ತುಂಗೆ ತೀರ:
ಬೆಳಗಿನ ಭಾಗ ಮಾತ್ರ ಆಡಿಸಿ, ಎಂಟರಿಂದ ಹನ್ನೊಂದೂವರೆ. ಆರು ಜನಕ್ಕೆ ಸರಿಯಾಗಿ ಹಂಚಿಕೆ ಆಗುತ್ತದೆ: ದಕ್ಷಿಣಕ್ಕೆ ಆರ್ಚರ್, ಡೇವಿಸ್; ಯೂನಿಯನ್ನಿಗೆ ಗ್ಯಾಂಬಲ್, ಡೆವಿನ್, ಕಟ್ಲರ್, ಐರನ್ ಬ್ರಿಗೇಡಿನ ಮೆರೆಡಿತ್. ಡೇವಿಸ್‌ಗೆ ಮೂರೇ ರೆಜಿಮೆಂಟು ಕೊಡಿ, ನಾಲ್ಕನೆಯದಾದ 11ನೇ ಮಿಸಿಸಿಪಿ ಅವತ್ತು ಸಾಮಾನಿನ ಬಂಡಿ ಕಾಯುತ್ತಿತ್ತು. ಯೂನಿಯನ್ ಗೆಲ್ಲಬೇಕಿಲ್ಲ, ರೈಲ್ವೆ ಕಟ್ ಮತ್ತು ಕಾಡು ಎಷ್ಟು ಟರ್ನ್ ಹಿಡಿದಿಟ್ಟರು ಅಂತ ಅಂಕ ಕೊಡಿ. ಮೊದಲ ಸಲ ನಾನು ಫಿಗರ್ ಕೊಳ್ಳಲೇ ಇಲ್ಲ. ದಪ್ಪ ಹಾಳೆಯಲ್ಲಿ ಸಿಪಾಯಿಗಳ ಸಾಲು ಪ್ರಿಂಟ್ ತೆಗೆದು ಮಡಚಿ ಅಂಟಿಸಿದೆ. 340 ರೂಪಾಯಿ. ಗೋಂದು ಹೆಚ್ಚಾಗಿ ಕಟ್ಲರ್ ಬ್ರಿಗೇಡ್ ಬಾಗಿತ್ತು, ಅಷ್ಟೇ.

ಬಣ್ಣದ ಡಬ್ಬಿ:
ಹಾಳೆ! ಯೂನಿಯನ್ ಜನರಲ್ ರೇನಾಲ್ಡ್ಸ್ ಕುದುರೆ ಮೇಲೆ ಬಂದು ಗುಂಡೇಟಿಗೆ ಬೀಳುವುದನ್ನು ಹಾಳೆಯಲ್ಲಿ ತೋರಿಸುತ್ತಾರಂತೆ.

ಹೊಸ ದಾಳ:
ಹಾಳೆಯೇ ಸರಿ ಅನ್ನಿಸುತ್ತಿದೆ. ಆರು ಬಣ್ಣದ ಡೈಸ್ ಎಲ್ಲಿ ಸಿಗುತ್ತದೆ?

ಇರುವೆ ಸೈನ್ಯ:
ಆರು ಮುಖದ್ದಾ, ಹತ್ತು ಮುಖದ್ದಾ? ಹತ್ತೇ ತಗೊಳ್ಳಿ. ಆರು ಮುಖದ್ದರಲ್ಲಿ ಫಿರಂಗಿ ಲೆಕ್ಕ ಕೂರುವುದೇ ಇಲ್ಲ.

ಕುದುರೆ ಲಾಳ:
ಯಾರು ಹೇಳಿದ್ದು ಕೂರುವುದಿಲ್ಲ ಅಂತ?